ಗೋಪಿ ಸರ್ಕಲ್‌ನಲ್ಲಿ ಹುಟ್ಟದ ನನ್ನ ಮಗಳ ಬಗ್ಗೆ

ಮಾನ್ಯ ಜನನ-ಮರಣ ನೋಂದಣಾಧಿಕಾರಿಗಳೇ,

ನನಗೆ ಮಗಳು ಹುಟ್ಟಿದ್ದಾಳೆ. ಈ ಸಂತೋಷದ ಸುದ್ದಿಯನ್ನು ಇಡೀ ಶಿವಮೊಗ್ಗದಲ್ಲಿ ನಂಬದೆ ಉಳಿದವರು ನೀವೊಬ್ಬರೇ. ಆದ್ದರಿಂದ ಊರೆಲ್ಲ ಓದುವಂತೆ ನಿಮಗೇ ಬರೆಯುತ್ತಿದ್ದೇನೆ. ಅವಳು ಹುಟ್ಟಿದ್ದು ಇದೇ 2003ರ ಫೆಬ್ರವರಿ ಆರರ ಗುರುವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ, ವಿನೋಬನಗರದ ನಮ್ಮ ಬಾಡಿಗೆ ಮನೆಯ ನಡುಕೋಣೆಯಲ್ಲಿ, ದ್ಯಾಮಮ್ಮ ಎಂಬ ಸೂಲಗಿತ್ತಿಯ ಕೈಯಲ್ಲಿ. ಇದನ್ನು ಇದ್ದ ಹಾಗೆ ಬರೆದುಕೊಳ್ಳಲು ನೀವು ಒಪ್ಪುತ್ತಿಲ್ಲ. ನಿಮ್ಮದೇ ನಿಯಮದ ಇಪ್ಪತ್ತೊಂದು ದಿನಗಳ ಗಡುವು ಬರುವ ಗುರುವಾರ ಮುಗಿಯುತ್ತದೆ. ಅದು ಮುಗಿದ ಮರುದಿನ, ಇಷ್ಟು ದಿನ ಏಕೆ ತಡ ಮಾಡಿದಿರಿ ಎಂದು ನೀವೇ ನನ್ನನ್ನು ಕೇಳುತ್ತೀರಿ ಎಂಬುದೂ ನನಗೆ ಗೊತ್ತು.

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಸಾಮಾನ್ಯವಾಗಿ ಕ್ರಮವಾಗಿ ಬರೆಯುತ್ತೇನೆ. ಆದರೆ ಹದಿನಾರು ದಿನಗಳಿಂದ ಒಟ್ಟಿಗೆ ಎರಡು ಗಂಟೆ ನಿದ್ದೆ ಮಾಡಿಲ್ಲ, ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಬಿಗಿದಿದ್ದಾರೆ, ತೊಡೆಯ ಮೇಲೆ ಮಗು, ಮಗುವಿನ ಮೇಲೆ ರಟ್ಟು, ರಟ್ಟಿನ ಮೇಲೆ ಈ ಕಾಗದ. ಜೊತೆಗೆ ಕಾರಣವೇ ಇಲ್ಲದೆ ಆಗಾಗ ನಗು ಬರುತ್ತದೆ. ಅಕ್ಷರ ಅಲ್ಲಲ್ಲಿ ಹಾರಿದ್ದರೆ ಅದು ಸರ್ಕಾರದ ಮೇಲಿನ ಅಗೌರವವಲ್ಲ, ಮಗಳು ಕಾಲು ಝಾಡಿಸಿದ್ದು.

ಮೊದಲು ನಿಮ್ಮ ಕಚೇರಿಗೆ ಬಂದವರು ನನ್ನ ಗಂಡ ಪರಮೇಶ್. ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ, ಯಾರ ಮೇಲೂ ದನಿ ಎತ್ತದ ಮನುಷ್ಯ. ಹುಟ್ಟಿದ ಜಾಗ ಎಂಬ ಕಡೆ ಅವರು ‘ಮನೆ’ ಎಂದು ಬರೆದಿದ್ದನ್ನು ನೋಡಿ ನಿಮ್ಮ ಗುಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರಂತೆ. ಹಳ್ಳಿಯಾಗಿದ್ದರೆ ಸರಿ, ವಿನೋಬನಗರದಲ್ಲಿ ಕೈ ಚಾಚಿದರೆ ನರ್ಸಿಂಗ್ ಹೋಂ ಸಿಗುತ್ತದೆ, ಅಲ್ಲಿ ಓದಿದ ಹೆಂಗಸು ಮನೆಯಲ್ಲಿ ಯಾಕೆ ಹೆರುತ್ತಾಳೆ ಎಂದು ಕೇಳಿದರಂತೆ. ಆಮೇಲೆ ಪಾಪ, ಸಹಾಯ ಮಾಡುವ ಮನಸ್ಸಿನಿಂದಲೇ ದನಿ ತಗ್ಗಿಸಿ ದಾರಿ ತೋರಿಸಿದರು. ಅವರ ಮಾತನ್ನು ಪರಮೇಶ್ ಮನೆಗೆ ಬಂದು ಹಾಗೆಯೇ ಒಪ್ಪಿಸಿದರು:

“ಮನೇಲಿ ಅಂತ ಬರೆದ್ರೆ ನೂರೆಂಟು ಪ್ರಶ್ನೆ ಬರ್ತವೆ ಸಾರ್. ಆಸ್ಪತ್ರೆಗೆ ಹೋಗ್ತಾ ಆಟೋದಲ್ಲಿ ಆಯ್ತು ಅಂತ ಬರ್ಕೊಡಿ. ಗೋಪಿ ಸರ್ಕಲ್ ಅಂತ ಹಾಕಿ, ಎಲ್ರಿಗೂ ಗೊತ್ತಿರೋ ಜಾಗ.”

ಸ್ವಾಮಿ, ಗೋಪಿ ಸರ್ಕಲ್ ನನಗೂ ಗೊತ್ತು. ಗುರುವಾರ ಮಧ್ಯಾಹ್ನ ಮೂರು ನಲವತ್ತಕ್ಕೆ ಅಲ್ಲಿ ಕಾಲೇಜಿನ ಹುಡುಗಿಯರು, ಸಿಟಿ ಬಸ್ಸು, ಕಬ್ಬಿನ ಹಾಲಿನ ಗಾಡಿ, ಶಿಳ್ಳೆ ಊದುವ ಪೊಲೀಸ್ ಎಲ್ಲ ಇರುತ್ತಾರೆ. ಇಷ್ಟು ಜನರ ನಡುವೆ ನಾನು ಮೂರು ಕೆ.ಜಿ. ನೂರು ಗ್ರಾಂ ಮಗುವನ್ನು ಹೆತ್ತು, ಆಟೋದವನಿಗೆ ಚಿಲ್ಲರೆ ಕೊಟ್ಟು, ಯಾರ ಕಣ್ಣಿಗೂ ಬೀಳದೆ ಮನೆಗೆ ಹೋದೆನೇ? ನಾಳೆ ನನ್ನ ಮಗಳು ದೊಡ್ಡವಳಾಗಿ, ಅಮ್ಮಾ ನಾನು ಎಲ್ಲಿ ಹುಟ್ಟಿದೆ ಎಂದು ಕೇಳಿದರೆ, ಸಿಗ್ನಲ್ ಹತ್ತಿರ ಕಣೇ ಎನ್ನಲೇ? ನಡೆದ ನಿಜವನ್ನು ನಾವಾಗಿ ಹೊತ್ತು ತಂದರೆ ಬೇಡ ಎನ್ನುವ ಕಚೇರಿ, ನಡೆಯದ ಸುಳ್ಳಿಗೆ ಸರ್ಕಲ್ಲನ್ನೂ ಆರಿಸಿಕೊಡುತ್ತದೆ ಎಂದರೆ ನಿಮ್ಮ ಉಪಕಾರವನ್ನು ಹೇಗೆ ತೀರಿಸುವುದು?

ಇದರಲ್ಲಿ ಇನ್ನೂ ಸೊಗಸಾದ ವಿಷಯ ನಿಮ್ಮದೇ ಫಾರಂನಲ್ಲಿದೆ. ಹೆರಿಗೆಯಾದ ಸ್ಥಳ ಎಂಬಲ್ಲಿ ಆಸ್ಪತ್ರೆ, ಮನೆ, ಇತರೆ ಎಂದು ಅಚ್ಚಾಗಿದೆ. ಹೆರಿಗೆ ಮಾಡಿಸಿದವರು ಎಂಬಲ್ಲಿ ಸೂಲಗಿತ್ತಿಗೂ ಜಾಗವಿದೆ. ಅಂದರೆ ಫಾರಂ ಅಚ್ಚು ಹಾಕಿಸಿದವರಿಗೆ ಮನೆಯಲ್ಲೂ ಮಕ್ಕಳು ಹುಟ್ಟುತ್ತಾರೆಂಬುದು ಗೊತ್ತಿದೆ. ಅದನ್ನು ತುಂಬಿಸಿಕೊಳ್ಳಲು ಕೂತವರಿಗೆ ಮಾತ್ರ ಗೊತ್ತಿಲ್ಲ.

ಮನೆಯಲ್ಲೇ ಏಕೆ ಎಂದು ನೀವೂ ಕೇಳಿದಿರಿ. ಹೇಳುತ್ತೇನೆ. ನನ್ನ ದೊಡ್ಡ ಮಗಳು ರಂಜಿನಿಗೆ ಈಗ ಆರು ವರ್ಷ. ಅವಳು ಹುಟ್ಟಿದ್ದು ಒಂದು ನರ್ಸಿಂಗ್ ಹೋಂನಲ್ಲಿ. ನನ್ನ ಅವ್ವ ವೇದಾವತಿಯನ್ನು ಗಾಜಿನ ಬಾಗಿಲ ಹೊರಗೇ ನಿಲ್ಲಿಸಿದರು. ಒಳಗೆ ಹದಿಮೂರು ಗಂಟೆ ಹೊತ್ತು ನನ್ನ ಕೈ ಹಿಡಿಯಲು ಇದ್ದದ್ದು ಮಂಚದ ಕಬ್ಬಿಣದ ಸರಳು ಮಾತ್ರ. ನೋವಿಗೆ ಕೂಗಿದಾಗ ಅಲ್ಲಿದ್ದ ನರ್ಸಮ್ಮ ನನ್ನ ತೊಡೆಗೆ ಫಟ್ಟನೆ ಹೊಡೆದು, ಬಸುರಿಯಾಗುವಾಗ ಕೂಗಿದ್ದೆಯಾ ಎಂದು ಕೇಳಿದರು. ಆ ಮಾತು ನನಗೆ ಇವತ್ತಿಗೂ ಉರಿಯುತ್ತದೆ. ಮಗು ಚೆನ್ನಾಗಿತ್ತು, ಡಾಕ್ಟರು ಒಳ್ಳೆಯವರಿದ್ದರು, ಅದಕ್ಕೆ ನಾನು ಋಣಿ. ಆಸ್ಪತ್ರೆಗಳ ಮೇಲೆ ನನಗೆ ದ್ವೇಷವಿಲ್ಲ, ತೊಂದರೆಯಿರುವ ಬಸುರಿಯರಿಗೆ ಅವು ಬೇಕೇ ಬೇಕು. ಎಲ್ಲರೂ ಮನೆಯಲ್ಲೇ ಹೆರಿ ಎಂದು ನಾನು ಮೆರವಣಿಗೆ ಹೊರಟಿಲ್ಲ. ಆದರೆ ಎರಡನೆಯ ಸಲ ಬಸುರಿಯಾದಾಗ, ನನ್ನ ಸಂತೋಷದ ದಿನ ನಾನು ಯಾರ ಕೈಯಿಂದಲೂ ಹೊಡೆಸಿಕೊಳ್ಳಬಾರದು ಎಂದು ತೀರ್ಮಾನಿಸಿದೆ. ಇಷ್ಟೇ ನನ್ನ ಅಪರಾಧ.

ಆಗ ಪರಮೇಶ್ ದ್ಯಾಮಮ್ಮನ ಹೆಸರು ಎತ್ತಿದರು. ಭದ್ರಾವತಿ ಹಳೇನಗರದ ದ್ಯಾಮಮ್ಮ ಪರಮೇಶ್‌ರನ್ನೇ ಈ ಲೋಕಕ್ಕೆ ಎಳೆದು ತಂದವಳು. ಈಗ ಎಪ್ಪತ್ತರ ಆಸುಪಾಸು, ಗುಬ್ಬಚ್ಚಿಯಷ್ಟು ಸಣ್ಣ ಹೆಂಗಸು. ಏಳೆಂಟು ವರ್ಷದ ಕೆಳಗೆ ಸರ್ಕಾರವೇ ಅವಳನ್ನು ಕರೆಸಿ ತರಬೇತಿ ಕೊಟ್ಟು, ಸ್ಟೀಲ್ ಪೆಟ್ಟಿಗೆಯೊಂದನ್ನು ಕೊಟ್ಟಿದೆ. ಪೆಟ್ಟಿಗೆಯೊಳಗೆ ಕತ್ತರಿ, ಸೋಪು, ದಾರ, ಜೊತೆಗೆ ಮುದ್ರೆಯಿರುವ ಪ್ರಮಾಣಪತ್ರ. ಅವಳು ನಮಗೆ ಹಾಕಿದ ಷರತ್ತು ಮೂರು: ಒಗೆದು ಮೆತ್ತಗಾದ ಹಳೆಯ ಸೀರೆಗಳು ಬೇಕು, ಹಂಡೆ ತುಂಬ ಕುದಿದ ನೀರು ಬೇಕು, ಹೆದರುವವರು ಯಾರೂ ಕೋಣೆಯೊಳಗೆ ಇರಕೂಡದು. ಮೂರನೆಯದನ್ನು ಹೇಳುವಾಗ ಅವಳು ಪರಮೇಶ್ ಕಡೆ ನೋಡಿದಳು, ಅವರು ತಕ್ಷಣ ಒಪ್ಪಿಕೊಂಡರು.

ನಮ್ಮ ಲೇಡಿ ಡಾಕ್ಟರು ಐದು ಸಲ ಪರೀಕ್ಷೆ ಮಾಡಿ, ಎರಡು ಸಲ ಬೈದು, ಕೊನೆಗೆ ಎಲ್ಲ ಸರಿಯಿದೆ, ಆದರೆ ಬಾಗಿಲಲ್ಲಿ ಕಾರು ಇಲ್ಲದಿದ್ದರೆ ನಾನು ಒಪ್ಪುವುದಿಲ್ಲ ಎಂದರು. ಎದುರು ಮನೆಯ ಲಕ್ಷ್ಮೀಕಾಂತ ತಮ್ಮ ಅಂಬಾಸಿಡರ್ ಕಾರನ್ನು ಜನವರಿ ಕೊನೆಯಿಂದಲೇ ರಸ್ತೆಗೆ ಮುಖ ಮಾಡಿ ನಿಲ್ಲಿಸಿ, ಕೀಲಿಯನ್ನು ನಮ್ಮ ಮನೆಯ ಮೊಳೆಗೆ ತಂದು ನೇತು ಹಾಕಿದರು. ತರಕಾರಿಗೂ ಕಾರು ತೆಗೆಯದೆ ಹತ್ತು ದಿನ ನಡೆದೇ ಓಡಾಡಿದರು. ನಿಮ್ಮ ಕಚೇರಿಯ ಭಾಷೆಯಲ್ಲಿ ಇದನ್ನು ‘ನಿರ್ಲಕ್ಷ್ಯ’ ಎನ್ನುತ್ತಾರಂತೆ.

ಇನ್ನು ನಮ್ಮ ಮಹಾ ಯೋಜನೆಯ ಬಗ್ಗೆ. ಪರಮೇಶ್ ಕಾರ್ಖಾನೆಯಲ್ಲಿ ಮಾಡುವ ಕೆಲಸ ಇದೇ: ವರ್ಷಕ್ಕೊಮ್ಮೆ ಕುಲುಮೆ ನಿಲ್ಲಿಸಿ ರಿಪೇರಿ ಮಾಡುವಾಗ ಯಾರು ಎಷ್ಟು ಗಂಟೆಗೆ ಎಲ್ಲಿರಬೇಕು, ಯಾವ ಸಾಮಾನು ಯಾರ ಕೈಯಲ್ಲಿರಬೇಕು ಎಂದು ಚಾರ್ಟ್ ಬರೆಯುವುದು. ಆ ಮನುಷ್ಯ ನನ್ನ ಹೆರಿಗೆಗೂ ಚಾರ್ಟ್ ಬರೆದರು. ಉದ್ದನೆಯ ಕಾಗದದಲ್ಲಿ ಗೆರೆ ಗೆರೆಯಾಗಿ: ನೋವು ಆರಂಭ, ಫೋನು, ಹಂಡೆಗೆ ಉರಿ, ರಂಜಿನಿಯನ್ನು ಲಕ್ಷ್ಮೀಕಾಂತರ ಮನೆಗೆ ಸಾಗಿಸುವುದು. ಕೊನೆಯ ಗೆರೆಯ ಮೇಲೆ ‘ಶಿಶು’ ಎಂದು ಬರೆದು ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದರು. ಒಟ್ಟು ಅವಧಿ ಹದಿನಾಲ್ಕು ಗಂಟೆ. ಊಟದ ವಿರಾಮ ಬೇರೆ ತೋರಿಸಿದ್ದರು. ಹೆರುವ ನನಗೆ ಊಟದ ವಿರಾಮ ಯಾವಾಗ ಮಾರಾಯ್ರೇ ಎಂದು ನಾನು ಕೇಳಿದ್ದಕ್ಕೆ, ಅದು ಕಾಯುವವರಿಗೆ ಎಂದು ಗಂಭೀರವಾಗಿ ಉತ್ತರಿಸಿದರು.

ಓದು ಬಾರದ ದ್ಯಾಮಮ್ಮನಿಗೆ ಬೇರೆಯದೇ ಚಿತ್ರದ ಪ್ರತಿ. ಒಂದು ಆಟೋ, ಒಂದು ಪೆಟ್ಟಿಗೆ, ಒಂದು ಮನೆ. ಆ ಮನೆಗೆ ನೀಲಿ ಬಾಗಿಲು, ಮುಂದೆ ಹೊಂಗೆ ಮರ. ಅವಳು ಅದನ್ನು ಗೋಡೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಂಡಳು. ಯೋಜನೆಯಲ್ಲಿ ಒಂದೇ ಒಂದು ತಪ್ಪು ಉಳಿಯಿತು. ಆ ಚಿತ್ರ ಬರೆದಾಗ ನಾವಿದ್ದದ್ದು ಭದ್ರಾವತಿ ನ್ಯೂಟೌನಿನ ಕ್ವಾರ್ಟರ್ಸ್‌ನಲ್ಲಿ. ಏಳನೇ ತಿಂಗಳಲ್ಲಿ ನನ್ನ ಶಾಲೆಗೆ ಹತ್ತಿರವಾಗಲಿ ಎಂದು ವಿನೋಬನಗರಕ್ಕೆ ಬಂದೆವು. ಪರಮೇಶ್ ಹೊಸ ಚಿತ್ರ ಬರೆದು, ಆಟೋ ಬದಲು ಶಿವಮೊಗ್ಗ ಬಸ್ಸು ಹಾಕಿ, ಕೊಟ್ಟು ಬಂದರು. ಹಳೆಯ ಚಿತ್ರವನ್ನು ವಾಪಸ್ ತರಲಿಲ್ಲ. ಕಾರ್ಖಾನೆಯಲ್ಲಿ ಹೊಸ ಡ್ರಾಯಿಂಗ್ ಬಂದರೆ ಹಳೆಯದನ್ನು ಕಸಿದು ಹರಿಯಬೇಕು, ಇದು ಮೊದಲ ದಿನ ಕಲಿಸುವ ಪಾಠ. ಹದಿಮೂರು ವರ್ಷ ಇತರರಿಗೆ ಆ ಪಾಠ ಹೇಳಿದವರು ಸ್ವಂತ ಹೆಂಡತಿಯ ವಿಷಯದಲ್ಲಿ ಮರೆತರು. ಹೊಸ ಚಿತ್ರದ ಕಾಗದ ತೆಳ್ಳಗಿತ್ತು. ದ್ಯಾಮಮ್ಮ ಅದರಲ್ಲಿ ವೀಳ್ಯದೆಲೆ ಸುತ್ತಿಟ್ಟಳು.

ಆ ಗುರುವಾರ ಬೆಳಿಗ್ಗೆ ಆರೂವರೆಗೆ ನೋವು ಶುರುವಾಯಿತು. ಹತ್ತು ಗಂಟೆಗೆ ಇದು ನಿಜವಾದ ನೋವೇ ಎಂದು ಖಾತ್ರಿಯಾಗಿ, ಅವ್ವ ಕಾರ್ಖಾನೆಗೆ ಫೋನ್ ಮಾಡಿದಳು. ಪರಮೇಶ್ ದ್ಯಾಮಮ್ಮನ ಮನೆ ಪಕ್ಕದ ಅಂಗಡಿಗೆ ಫೋನ್ ಮಾಡಿ, ಅಜ್ಜಿಗೆ ಹೊರಡಲು ಹೇಳಿ ಎಂದು ತಿಳಿಸಿ, ಯೋಜನೆಯ ಪ್ರಕಾರ ಸ್ಕೂಟರಿನಲ್ಲಿ ನೇರ ಮನೆಗೆ ಬಂದರು. ದ್ಯಾಮಮ್ಮ ಗೋಡೆಯ ಚಿತ್ರ ನೋಡಿ, ಯೋಜನೆಯ ಪ್ರಕಾರವೇ ಆಟೋ ಹತ್ತಿ, ನೀಲಿ ಬಾಗಿಲಿನ ಹಳೆಯ ಕ್ವಾರ್ಟರ್ಸ್‌ಗೆ ಹೋದಳು.

ಅಲ್ಲಿ ಈಗ ಇರುವವನು ಬೀರಪ್ಪ, ಕ್ರೇನ್ ಓಡಿಸುವ ಯುವಕ. ರಾತ್ರಿ ಪಾಳಿ ಮುಗಿಸಿ ಮಲಗಿದ್ದವನು ಬಾಗಿಲು ತೆರೆದರೆ, ಒಬ್ಬ ಮುದುಕಿ ಸ್ಟೀಲ್ ಪೆಟ್ಟಿಗೆಯೊಂದಿಗೆ ಒಳನುಗ್ಗಿ, ಒಲೆ ಹಚ್ಚು, ನೀರಿಡು, ಹಳೇ ಬಟ್ಟೆ ತೆಗಿ ಎಂದು ಅಪ್ಪಣೆ ಕೊಟ್ಟಳು. ಪಾಪದ ಬೀರಪ್ಪ, ಫೋರ್‌ಮನ್ ಮಾತಿಗೆ ಹೆದರಿ ರೂಢಿಯಾದವನು, ಒಂದು ಮಾತೂ ಕೇಳದೆ ಒಲೆ ಹಚ್ಚಿದ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಿತು. ತನ್ನ ಎರಡು ಪಂಚೆಗಳನ್ನು ಮಡಚಿ ಇಟ್ಟ. ಆಮೇಲೆ ದ್ಯಾಮಮ್ಮ ಕೈ ತೊಳೆದುಕೊಂಡು ಬಂದು ಸುತ್ತ ನೋಡಿದಳು.

“ಎಲ್ಲ ಸರಿ ಕಣಪ್ಪ, ಬಸುರಿ ಎಲ್ಲಿ?”

“ನಂಗಿನ್ನೂ ಮದ್ವೇನೇ ಆಗಿಲ್ಲ ಅಜ್ಜಿ,” ಎಂದನಂತೆ ಬೀರಪ್ಪ.

ಇದನ್ನು ಬರೆಯುವಾಗಲೂ ನನಗೆ ನಗು ತಡೆಯಲಾಗುತ್ತಿಲ್ಲ, ಹೊಟ್ಟೆ ನೋಯುತ್ತಿದೆ, ಬಾಣಂತಿ ಇಷ್ಟು ನಗಬಾರದು ಎಂದು ಅವ್ವ ಅಡುಗೆ ಮನೆಯಿಂದ ಬೈಯುತ್ತಿದ್ದಾಳೆ. ಆದರೆ ಆ ಹೊತ್ತು ವಿನೋಬನಗರದಲ್ಲಿ ಯಾರಿಗೂ ನಗುವಿರಲಿಲ್ಲ. ಗಂಟೆ ಒಂದಾಯಿತು, ದ್ಯಾಮಮ್ಮ ಇಲ್ಲ. ಎರಡು ಸಿಟಿ ಬಸ್ಸು ಬಂದು ಹೋದವು, ಅವುಗಳಲ್ಲೂ ಇಲ್ಲ. ಪರಮೇಶ್ ಚಾರ್ಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಲಕ್ಷ್ಮೀಕಾಂತ ಕಾರಿನ ಇಂಜಿನ್ ಚಾಲೂ ಮಾಡಿ ಕೂತಿದ್ದರು. ನನಗೆ ನಿಜವಾಗಿ ಹೆದರಿಕೆಯಾಯಿತು. ಇನ್ನು ಕಾಲು ಗಂಟೆ ನೋಡಿ ಆಸ್ಪತ್ರೆಗೆ ಹೊರಡೋಣ ಎಂದು ನಾನೇ ಹೇಳಿದೆ. ಗಮನಿಸಿ ಸಾಹೇಬರೇ, ಹಠಕ್ಕೆ ಕೂತಿರಲಿಲ್ಲ ನಾನು.

ಆ ಕಾಲು ಗಂಟೆಯೊಳಗೆ ಬೀದಿಯ ತಿರುವಿನಲ್ಲಿ, ಕಾರ್ಖಾನೆಯಲ್ಲಿ ನಮ್ಮ ಹೊಸ ವಿಳಾಸ ವಿಚಾರಿಸಿಕೊಂಡು ಬಂದ ಬೀರಪ್ಪನ ಬೈಕು ಕಂಡಿತು. ಹಿಂದೆ ದ್ಯಾಮಮ್ಮ, ಒಂದು ಕೈ ಅವನ ಸೊಂಟಕ್ಕೆ, ಇನ್ನೊಂದು ಪೆಟ್ಟಿಗೆಗೆ. ಬೈಕಿನ ಹ್ಯಾಂಡಲ್ಲಿಗೆ ಎರಡು ಥರ್ಮಾಸ್ ಫ್ಲಾಸ್ಕು ನೇತಾಡುತ್ತಿದ್ದವು. ಕಾಸಿದ ನೀರನ್ನು ಸುಮ್ಮನೆ ಚೆಲ್ಲಲು ಅವಳು ಒಪ್ಪಿರಲಿಲ್ಲ. ಭದ್ರಾವತಿಯಲ್ಲಿ ಕುದಿದ ನೀರು ಹದಿನೆಂಟು ಕಿಲೋಮೀಟರು ಪ್ರಯಾಣ ಮಾಡಿ ಶಿವಮೊಗ್ಗದಲ್ಲಿ ನನ್ನ ಕೆಲಸಕ್ಕೆ ಬಂತು. ಇದಕ್ಕೆ ನಿಮ್ಮ ಫಾರಂನಲ್ಲಿ ಕಾಲಂ ಇಲ್ಲದಿರುವುದು ನನಗೆ ಬೇಸರ ತಂದಿದೆ.

ಅವಳು ಕೋಣೆಗೆ ಬಂದವಳೇ ಪರಮೇಶ್‌ರನ್ನು ಹೊರಗೆ ಹಾಕಿ, ಹೊಟ್ಟೆ ಮುಟ್ಟಿ ನೋಡಿ, ನನ್ನನ್ನು ಎಬ್ಬಿಸಿ ನಡೆಸಿದಳು. ಬೆನ್ನು ತಿಕ್ಕಿದಳು. ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ಆರು ವರ್ಷದ ಹಿಂದಿನ ಹೊಡೆತ ನನ್ನ ಬಾಯಿ ಕಟ್ಟಿತ್ತು ಎಂದು ನನಗೇ ತಿಳಿದಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡಿ ಹೇಳಿದಳು:

“ಕೂಗು ಮಗಳೇ. ಇದು ನಿನ್ನ ಮನೆ. ಇಲ್ಲಿ ನಿನ್ನ ಬಾಯಿ ಮುಚ್ಚಿಸೋರು ಯಾರೂ ಇಲ್ಲ.”

ಕೂಗಿದೆ. ವಿನೋಬನಗರದ ಆ ಬೀದಿಗೆ ಸಾಕ್ಷಿ ಬೇಕಾದರೆ ಹದಿನೇಳು ಮನೆಯವರು ಕೊಡುತ್ತಾರೆ. ಕೂಗುತ್ತ ಅತ್ತೆ, ಅಳುತ್ತ ನಕ್ಕೆ. ಅವ್ವ ನನ್ನ ಬೆನ್ನ ಹಿಂದೆ ಕೂತು ಎರಡೂ ಕೈ ಹಿಡಿದಿದ್ದಳು. ಮೂರು ನಲವತ್ತಕ್ಕೆ ಮಗಳು ಬಂದಳು. ಹೊರಗೆ ಜಗಲಿಯಲ್ಲಿ ಪರಮೇಶ್ ಚಾರ್ಟಿನಲ್ಲಿ ‘ಐದು ಗಂಟೆ ಮುಂಚಿತ’ ಎಂದು ಬರೆದು, ಆಮೇಲೆ ಆ ಚಾರ್ಟಿನಿಂದಲೇ ಮುಖ ಒರೆಸಿಕೊಂಡರಂತೆ. ಬೀರಪ್ಪ ಅತ್ತನೋ ಇಲ್ಲವೋ ಎಂಬುದರ ಬಗ್ಗೆ ಲಕ್ಷ್ಮೀಕಾಂತ ಒಂದು ಹೇಳುತ್ತಾರೆ, ಬೀರಪ್ಪ ಇನ್ನೊಂದು ಹೇಳುತ್ತಾನೆ. ಸಂಜೆ ಡಾಕ್ಟರು ಬಂದು ತಾಯಿ ಮಗು ಇಬ್ಬರನ್ನೂ ನೋಡಿ, ತೂಕ ಮಾಡಿ, ದ್ಯಾಮಮ್ಮ ಕಟ್ಟಿದ ಹೊಕ್ಕುಳ ದಾರವನ್ನು ಪರೀಕ್ಷಿಸಿ, ನನ್ನ ನರ್ಸುಗಳಿಗೂ ಇದನ್ನು ತೋರಿಸಬೇಕು ಎಂದು ಹೋದರು. ನಾಲ್ಕನೇ ದಿನ ಪೋಲಿಯೋ ಹನಿಯವರು ಬಂದು ಮಗಳ ಬೆರಳಿಗೆ ಶಾಯಿ ಹಚ್ಚಿ, ನಮ್ಮ ಬಾಗಿಲಿಗೆ ಸೀಮೆಸುಣ್ಣದಲ್ಲಿ ನಂಬರು ಬರೆದು ಹೋದರು. ಸರ್ಕಾರದ ಒಂದು ಕೈ ಅವಳ ಬೆರಳು ಹಿಡಿದಿದೆ, ಇನ್ನೊಂದು ಕೈ ಅವಳು ಹುಟ್ಟಿದಳೋ ಇಲ್ಲವೋ ಎಂದು ಯೋಚಿಸುತ್ತಿದೆ.

ಮೊನ್ನೆ ಗುರುವಾರ, ಅವ್ವನ ಬೈಗುಳ ಕೇಳಿಸಿಕೊಂಡು, ಕಿವಿಯ ಹತ್ತಿಯ ಸಮೇತ ನಾನೇ ಮಗುವಿನೊಂದಿಗೆ ನಿಮ್ಮೆದುರು ಬಂದೆ. ನೀವು ಅರ್ಜಿ ಓದಿ, ನನ್ನನ್ನು ನೋಡಿ, ಮಗುವನ್ನು ನೋಡಿ ಕೇಳಿದ ಪ್ರಶ್ನೆಯನ್ನು ಊರವರು ಓದಲಿ:

“ಮಗು ನಿಮ್ದೇ ಅನ್ನೋದಕ್ಕೆ ಏನಾದ್ರೂ ದಾಖಲೆ ಇದೆಯಾ?”

ಎಲ್ಲಿಂದಲೋ ತಂದ ಮಕ್ಕಳನ್ನು ಹೀಗೆ ನೋಂದಾಯಿಸುತ್ತಾರೆ, ನಾವು ಎಚ್ಚರಿಕೆಯಿಂದಿರಬೇಕು ಎಂದಿರಿ. ಎಚ್ಚರಿಕೆ ಸರಿ. ಹಾಗಾದರೆ ನಮ್ಮ ಮನೆಗೆ ಬಂದು ವಿಚಾರಿಸಿ ಎಂದೆ. ಡಾಕ್ಟರನ್ನು ಕೇಳಿ, ಬೀದಿಯನ್ನು ಕೇಳಿ ಎಂದೆ. ಅಷ್ಟು ದೂರ ಸಿಬ್ಬಂದಿ ಕಳಿಸಲು ಆಗುವುದಿಲ್ಲ ಎಂದಿರಿ. ನಿಮ್ಮ ಕಚೇರಿಗೆ ನಮ್ಮ ಮನೆ ಒಂದೂವರೆ ಕಿಲೋಮೀಟರು, ಬಿಸಿನೀರು ಅದಕ್ಕಿಂತ ದೂರದಿಂದ ಬಂದಿತ್ತು. ಅಷ್ಟರಲ್ಲಿ ಮಗಳು ಅತ್ತಳು. ಅವಳು ಅತ್ತ ಕೂಡಲೇ ನನ್ನ ಎದೆ ಹಾಲು ಸುರಿದು ರವಿಕೆ, ಸೆರಗು, ಕೊನೆಗೆ ನಿಮ್ಮ ಮೇಜಿನ ಮೇಲಿದ್ದ ನನ್ನದೇ ಅರ್ಜಿ ಒದ್ದೆಯಾಯಿತು. ನೀವು ಫೈಲು ಹುಡುಕುವ ನೆಪದಲ್ಲಿ ಎದ್ದು ಹೋದಿರಿ. ನೀವು ಕೇಳಿದ ದಾಖಲೆ ಅದೇ ಆಗಿತ್ತು ಸ್ವಾಮಿ. ಆ ಅರ್ಜಿ ಇನ್ನೂ ನಿಮ್ಮಲ್ಲೇ ಇದೆ, ಕಲೆ ನೋಡಿಕೊಳ್ಳಬಹುದು.

ಇಷ್ಟಾದ ಮೇಲೆ ಪರಮೇಶ್ ಕಾರ್ಖಾನೆಗೆ ರಜೆ ಹಾಕಿ ಭದ್ರಾವತಿಯ ಹಳೆಯ ಜನನ ಪುಸ್ತಕದಲ್ಲಿ ತಮ್ಮದೇ ಹುಟ್ಟನ್ನು ಹುಡುಕಿಸಿ, ನಕಲು ತಂದರು. 1969ನೇ ಇಸವಿ. ಗಂಡು. ಹಳೇನಗರ, ಸ್ವಂತ ಮನೆ. ತಿಳಿಸಿದವರು: ದ್ಯಾಮಮ್ಮ, ಸೂಲಗಿತ್ತಿ. ಪಕ್ಕದಲ್ಲಿ ಹೆಬ್ಬೆರಳ ಗುರುತು. ಆ ಹಾಳೆಯ ಹನ್ನೆರಡು ಸಾಲಿನಲ್ಲಿ ಏಳು ಸಾಲಿಗೆ ಅದೇ ಹೆಬ್ಬೆರಳು. ಯಾವುದೋ ಗುಮಾಸ್ತರು ದುಂಡಗಿನ ಅಕ್ಷರದಲ್ಲಿ, ಒಂದು ಅನುಮಾನವೂ ಇಲ್ಲದೆ, ಅವಳು ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡಿದ್ದಾರೆ. ನಿಮ್ಮ ಇಲಾಖೆಗೆ ಮೂವತ್ತನಾಲ್ಕು ವರ್ಷದ ಹಿಂದೆ ಬರುತ್ತಿದ್ದ ಕೆಲಸ ಈಗ ಮರೆತುಹೋಗಿದೆ, ಅಷ್ಟೇ.

ಮಗುವಿಗೆ ನೀರು ಹಾಕಲು ದಿನವೂ ಬರುವ ದ್ಯಾಮಮ್ಮನಿಗೆ ನಿನ್ನೆ ಆ ನಕಲು ತೋರಿಸಿದೆವು. ಅವಳು ಕೈ ಒರೆಸಿಕೊಂಡು, ಕಾಗದದ ಮೇಲಿನ ಗುರುತಿನ ಪಕ್ಕ ತನ್ನ ಈಗಿನ ಹೆಬ್ಬೆರಳನ್ನು ಇಟ್ಟು ಬಹಳ ಹೊತ್ತು ನೋಡಿದಳು. ಆ ಬೆರಳು ಈಗ ಗಂಟುಗಂಟಾಗಿದೆ. ಆಟೋ ಮತ್ತು ಗೋಪಿ ಸರ್ಕಲ್ಲಿನ ವಿಷಯವನ್ನು ಅವಳಿಗೆ ಹೇಳಿದ್ದು ಅವ್ವ. ದ್ಯಾಮಮ್ಮ ನಗಲಿಲ್ಲ.

“ಕೈ ನಡುಗ್ತದೆ ಮಗಳೇ, ಇದೇ ನನ್ನ ಕೊನೇದು. ಇದನ್ನ ಆ ಆಟೋದೋನ ಹೆಸರಿಗೆ ಬರಿಸ್ಬೇಡ.”

ಎರಡು ವಾರದಿಂದ ನಗುತ್ತಿದ್ದ ನಾನು ಆ ಮಾತಿಗೆ ಅತ್ತೆ. ನನ್ನ ಮಗಳಿಗೆ ಶಾಲೆಗೆ ಸೇರಲು ಪ್ರಮಾಣಪತ್ರ ಬೇಕು, ನಿಜ. ಅದನ್ನು ಗೋಪಿ ಸರ್ಕಲ್ಲಿನ ಹೆಸರಲ್ಲಿ ಇವತ್ತೇ ಪಡೆಯಬಹುದು, ಅದೂ ನಿಜ. ಆದರೆ ಒಬ್ಬ ಹೆಂಗಸು ಜೀವಮಾನವೆಲ್ಲ ಮಾಡಿದ ಕೆಲಸದ ಕೊನೆಯ ಸಾಲನ್ನು ನಾನು ಸುಳ್ಳು ಮಾಡಲಾರೆ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಸೋಮವಾರ ಹನ್ನೊಂದು ಗಂಟೆಗೆ ನಾವು ಬರುತ್ತೇವೆ. ನಾನು, ಮಗಳು, ಗಂಡ, ಎರಡು ಫ್ಲಾಸ್ಕಿನೊಂದಿಗೆ ಬೀರಪ್ಪ, ಕಾರಿನೊಂದಿಗೆ ಲಕ್ಷ್ಮೀಕಾಂತ. ಜಾಗ ಎಂಬಲ್ಲಿ ‘ಮನೆ’ ಎಂದೂ, ಮಾಡಿಸಿದವರು ಎಂಬಲ್ಲಿ ‘ದ್ಯಾಮಮ್ಮ’ ಎಂದೂ ನೀವು ಬರೆಯಬೇಕು. ಅಕ್ಷರ ದುಂಡಗಿರಲಿ. ಹನ್ನೊಂದೂವರೆಗೆ ಮಗು ಹಾಲು ಕುಡಿಯುವ ಹೊತ್ತು, ಮೇಜಿನ ಮೇಲಿನ ಕಾಗದಗಳನ್ನು ಸ್ವಲ್ಪ ಆಚೆ ಸರಿಸಿಡಿ. ಇನ್ನೊಂದು ವಿಷಯ. ನಿಮ್ಮ ಕಚೇರಿಯ ಶಾಯಿ ಪ್ಯಾಡು ಒಣಗಿರುವುದನ್ನು ಮೊನ್ನೆ ನೋಡಿದೆ. ಅದಕ್ಕೆ ಎರಡು ಹನಿ ಶಾಯಿ ಹಾಕಿಸಿಡಿ. ದ್ಯಾಮಮ್ಮನೂ ಬರುತ್ತಾಳೆ, ಹೆಬ್ಬೆರಳು ಒತ್ತಲು.

ಇಂತಿ,
ಎರಡು ಹೆತ್ತರೂ ನಿಮ್ಮ ಲೆಕ್ಕದಲ್ಲಿ ಒಂದೇ ಹೆತ್ತಿರುವ ಗಣಿತದ ಮೇಷ್ಟ್ರಮ್ಮ,
ಶೀಲಾ
ವಿನೋಬನಗರ, ಶಿವಮೊಗ್ಗ
22 ಫೆಬ್ರವರಿ 2003